ಅದು ಸೋರಿಕೆ ಅಲ್ಲ, ದಯವಿಟ್ಟು ಹಾಗೆ ಬರೀಬೇಡಿ

ಇವತ್ತು ಬೆಳಗ್ಗೆ ಟಿವಿಯಲ್ಲಿ ಮತ್ತೆ ಅದೇ ಸಾಲು. ಗ್ಯಾಸ್ ಗೀಸರ್‌ನಿಂದ ಅನಿಲ ಸೋರಿಕೆ, ಸ್ನಾನಕ್ಕೆ ಹೋದವರು ಉಸಿರುಗಟ್ಟಿ ಸಾವು. ಚಳಿಗಾಲ ಬಂತೆಂದರೆ ಇಂಥ ಸುದ್ದಿ ಬರುತ್ತೆ, ಪ್ರತಿ ಸಲವೂ ಇದೇ ಪದಗಳಲ್ಲಿ. ನೋಡಿ ಮೈ ಉರಿಯುತ್ತೆ.

ಸೋರಿಕೆ ಅಂತ ಓದಿದವರು ಏನು ಮಾಡ್ತಾರೆ? ಪೈಪು, ರೆಗ್ಯುಲೇಟರ್ ಹತ್ತಿರ ಮೂಗಿಟ್ಟು ನೋಡ್ತಾರೆ. ವಾಸನೆ ಇಲ್ಲ ಅಂದಮೇಲೆ ಭಯ ಇಲ್ಲ ಅಂದುಕೊಂಡು ಚಿಲಕ ಹಾಕ್ತಾರೆ. ಎಲ್‌ಪಿಜಿ ಸೋರಿದರೆ ಮೂಗಿಗೆ ಬಡಿಯುತ್ತೆ. ಬಡಿಯಲಿ ಅಂತಲೇ ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಬೆರೆಸಿರ್ತಾರೆ, ಆ ಕೊಳೆತ ನಾತ ಅದರದ್ದು. ಆದರೆ ಬಚ್ಚಲಲ್ಲಿ ಹೀಗೆ ಜೀವ ತೆಗೆಯೋದು ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯಲ್ಲ, ಕೆಮ್ಮು ಬರಲ್ಲ. ಎಲ್ಲೂ ಸೋರದ ಹೊಚ್ಚಹೊಸ ಗೀಸರ್ ಕೂಡ, ಗಾಳಿ ಸಾಲದಿದ್ದರೆ, ಇದನ್ನು ಉಗುಳುತ್ತೆ.

ಲೆಕ್ಕ ಹಾಕಿ. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ 10 ನಿಮಿಷದಲ್ಲಿ ಸುಮಾರು 150 ಗ್ರಾಂ ಗ್ಯಾಸ್ ಉರಿಸುತ್ತೆ. ಅದು ಪೂರ್ತಿ ಉರಿಯೋಕೆ ಹೆಚ್ಚುಕಮ್ಮಿ 2 ಘನ ಮೀಟರ್ ಗಾಳಿ ಬೇಕು. 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಲ್ಲಿ ಇರೋದೇ 8 ಘನ ಮೀಟರ್, ಅಂದರೆ ಹತ್ತೇ ನಿಮಿಷಕ್ಕೆ ಅದರ ಕಾಲು ಭಾಗ ಬೇಕು. ಚಳಿ ಅಂತ ಕಿಟಕಿ ಮುಚ್ಚಿದರೆ ಬರ್ನರ್ ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತೆ. ಆಮ್ಲಜನಕ ಇಳಿದಷ್ಟೂ ಮಾನಾಕ್ಸೈಡ್ ಏರುತ್ತೆ. ಬೆನ್ನಿಗೇ ಸ್ನಾನಕ್ಕೆ ಹೋದ ಎರಡನೆಯವರಿಗೆ ಮೊದಲಿನವರಿಗಿಂತ ಕೆಟ್ಟ ಗಾಳಿ. ಬರ್ನರ್‌ನಲ್ಲಿ ಧೂಳು, ಜೇಡರ ಬಲೆ ಕಟ್ಟಿ ನೀಲಿ ಉರಿ ಹಳದಿಗೆ ತಿರುಗಿದ್ದರಂತೂ ಇನ್ನೂ ಬೇಗ.

ಇನ್ನು ಆ "ಉಸಿರುಗಟ್ಟಿ". ಉಸಿರು ಕಟ್ಟಿದರೆ ಗೊತ್ತಾಗಿ ಓಡಿಬರಬಹುದು ಅಂತಲೇ ಜನ ನಂಬಿರೋದು. ಇಲ್ಲಿ ಉಸಿರಾಟ ನಡೀತಾನೇ ಇರುತ್ತೆ. ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಂಡು ಆಮ್ಲಜನಕದ ಜಾಗ ಕಿತ್ತುಕೊಳ್ಳುತ್ತೆ. ಸ್ವಲ್ಪ ತಲೆನೋವು, ತಲೆಸುತ್ತು, ವಾಕರಿಕೆ. ಪಿತ್ತ ಇರಬೇಕು ಅಂದುಕೊಳ್ಳುವಷ್ಟರಲ್ಲಿ ಕಾಲಲ್ಲಿ ಬಲ ಇರಲ್ಲ, ಎರಡು ಹೆಜ್ಜೆ ದೂರದ ಚಿಲಕ ಕೈಗೆ ಸಿಗಲ್ಲ. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್‌ಗೂ ಇದರ ಸುಳಿವು ಸಿಗಲ್ಲ. ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತ ಅಂತಲೇ ಓದಿ ಶೇಕಡಾ 97, 98 ತೋರಿಸಬಹುದು.

ಕಾರ್ಬನ್ ಮಾನಾಕ್ಸೈಡ್ ಅಂದರೆ ಜನಕ್ಕೆ ಅರ್ಥ ಆಗಲ್ಲ, ಸುದ್ದಿಯಲ್ಲಿ ಜಾಗವೂ ಇರಲ್ಲ ಅಂತಾರೆ ಸುದ್ದಿ ಬರೆಯೋರು. ಒಪ್ಪಲ್ಲ. 2021ರಲ್ಲಿ, ಕೋವಿಡ್ ಹೊತ್ತಲ್ಲಿ, ಹಳ್ಳಿಯ ಅಜ್ಜಿಯರೂ ಸ್ಯಾಚುರೇಷನ್ (ರಕ್ತದ ಆಮ್ಲಜನಕ) ಎಷ್ಟಿದೆ ಅಂತ ಕೇಳ್ತಿದ್ದರು. ಬೇಕಾದರೆ "ವಾಸನೆ ಇಲ್ಲದ ವಿಷ" ಅಂತ ಬರೀರಿ. "ಸೋರಿಕೆ" ಕಿತ್ತುಹಾಕಿದರೆ ಅದಕ್ಕೆ ಜಾಗ ಸಿಗುತ್ತೆ.

ಗೀಸರ್ ಬಚ್ಚಲ ಹೊರಗೆ, ಗಾಳಿಯಾಡುವ ಕಡೆ ಇರಲಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಅನ್ನಬೇಡಿ. ಒಳಗೆ ಗಾಳಿ ಬರೋಕೆ ಕಿಂಡಿ ಇಲ್ಲದಿದ್ದರೆ ಅದು ಎಳೆಯೋದು ಏನನ್ನ? ವರ್ಷಕ್ಕೊಮ್ಮೆ ಬರ್ನರ್ ಬಿಚ್ಚಿ ತೊಳೆಸಿ.

ನೀವು ಕೂಗಿದರೂ ಒಳಗಿನವರು ಓಗೊಡದಿದ್ದರೆ ಬಾಗಿಲು ಒಡೀರಿ, ಗೀಸರ್ ಆರಿಸಿ, ಅವರನ್ನು ಬಯಲಿಗೆ ಎಳೆದು ತನ್ನಿ, 108ಕ್ಕೆ ಫೋನ್ ಮಾಡಿ. ಡಾಕ್ಟರಿಗೆ ಬರೀ "ಬಾತ್‌ರೂಮಲ್ಲಿ ಬಿದ್ದರು" ಅನ್ನಬೇಡಿ, ಬಿಪಿ, ಫಿಟ್ಸ್ ಅಂತ ಹುಡುಕುತ್ತಾ ಹೊತ್ತು ಹೋಗುತ್ತೆ. ಗ್ಯಾಸ್ ಗೀಸರ್ ಉರೀತಿತ್ತು, ಕಿಟಕಿ ಮುಚ್ಚಿತ್ತು ಅಂತ ಮೊದಲ ಮಾತಲ್ಲೇ ಹೇಳಿ. ಆಗ ಅವರು ತಕ್ಷಣ ಶುದ್ಧ ಆಮ್ಲಜನಕ ಹಚ್ಚಿ, ರಕ್ತ ಪರೀಕ್ಷೆಗೆ ಕಳಿಸ್ತಾರೆ.