ಮೇಲೆ ಕೊನೆಗೌಡ, ಕೆಳಗೆ ಈಡಿಪಸ್

ಶಿರಸಿ ಕಡೆ ಹವ್ಯಾಸಿ ತಂಡ ನಾಟಕಕ್ಕೆ ಜನ ಆರಿಸಲು ಹೊರಟರೆ ಅದಕ್ಕೆ ಮಳೆಗಾಲವೇ ಸರಿ. ಯಕ್ಷಗಾನ ಮೇಳಗಳ ತಿರುಗಾಟ ಮುಗಿದಿರುತ್ತದೆ, ಆಷಾಢದಲ್ಲಿ ಮದುವೆ ಮುಂಜಿ ಇಲ್ಲ, ಅಡಿಕೆಯ ಕೊನೆಕೊಯ್ಲು ಇನ್ನೂ ದೂರ. ತೋಟಕ್ಕೆ ಒಂದು ಸಲ ಮದ್ದು ಹೊಡೆದಾಯಿತೆಂದರೆ ಊರೇ ಖಾಲಿ. ಹೀಗೆ ಖಾಲಿಯಾದ 30 ಜನ ಭಾನುವಾರ ಬೆಳಿಗ್ಗೆ ಸಭಾಭವನದ ಮೂಲೆಯಲ್ಲಿ ಛತ್ರಿ ಒರಗಿಸಿ ಕೂರುತ್ತಾರೆ. ನಾಟಕ ಗ್ರೀಕ್ ಕವಿ ಸೊಫೋಕ್ಲಿಸನ ‘ದೊರೆ ಈಡಿಪಸ್’, ತಿಳಿಯದೆಯೇ ಅಪ್ಪನನ್ನು ಕೊಂದು ಹೆತ್ತವಳನ್ನು ವರಿಸಿದ ದೊರೆಯ ಕಥೆ. ಅವರಲ್ಲಿ 25 ಜನಕ್ಕೆ ಈಡಿಪಸ್ಸನ ಪಾತ್ರವೇ ಬೇಕು.

ಬೇಕಾದರೆ ಬೇಡ ಎನ್ನುವವರಾರು? ಆದರೆ ಆಡಿ ತೋರಿಸಲು ಎಲ್ಲರೂ ಹಿಡಿಯುವುದು ಒಂದೇ ತುಣುಕು, ಕಣ್ಣು ಚುಚ್ಚಿಕೊಂಡು ಹೊರಬರುವ ದೃಶ್ಯ. ನಾಟಕ ಅಲ್ಲಿಗೆ ಮುಟ್ಟಲು ಒಂದು ಗಂಟೆಗೂ ಮೇಲೆ ಬೇಕು, ನಿಮಗಿರುವುದು 2 ನಿಮಿಷ. ಬಾಗಿಲು ದಾಟಿದವರೇ ‘ಅಯ್ಯೋ ಕತ್ತಲೆಯೇ’ ಎಂದು ಕಿರುಚಿದರೆ ಮೂರನೇ ಸಾಲಿಗೆ ಗಂಟಲು ಕಟ್ಟುತ್ತದೆ, ಮುಂದೆ ಏರಲು ಮೆಟ್ಟಿಲೇ ಉಳಿದಿರುವುದಿಲ್ಲ. ಮಾರಿಗೆ ತತ್ತರಿಸಿದ ಥೀಬ್ಸಿನ ಜನರೆದುರು ದೊರೆ ಆಡುವ ಮೊದಲ ಮಾತು ತೆಗೆದುಕೊಳ್ಳಿ. 12–14 ಸಾಲು ಸಾಕು.

ಅಲ್ಲೂ ಒಂದು ಗುಂಡಿ ಉಂಟು, ಅದರ ಹೆಸರು ಕರ್ಣ. ಹೆತ್ತವರು ಬಿಟ್ಟ ಮಗು, ಎತ್ತಿಕೊಂಡ ಬೇರೆ ತಂದೆತಾಯಿ, ಹುಟ್ಟಿನ ಗುಟ್ಟು: ನಮ್ಮವರಿಗೆ ತಕ್ಷಣ ಕರ್ಣ ನೆನಪಾಗುತ್ತಾನೆ, ನೆನಪಾದ ಕೂಡಲೇ ಮುಖಕ್ಕೆ ಕರ್ಣಪರ್ವದ ಕಳೆ ಬರುತ್ತದೆ. ಗ್ರೀಕರ ವೀರ ಅಯಾಸನನ್ನು ಬಿ.ಎಂ.ಶ್ರೀ ಅವರೇ 1929ರಲ್ಲಿ ‘ಅಶ್ವತ್ಥಾಮನ್’ ಮಾಡಿರುವಾಗ ಹೋಲಿಕೆ ತಪ್ಪೆನ್ನುವಂತಿಲ್ಲ. ಆದರೆ ಕರ್ಣನಿಗೆ ಯುದ್ಧಕ್ಕೆ ಮೊದಲೇ ಎಲ್ಲ ಗೊತ್ತು, ಈಡಿಪಸ್ಸನಿಗೆ ಏನೇನೂ ಗೊತ್ತಿಲ್ಲ. ಅವನು ಸ್ಫಿಂಕ್ಸಿನ ಒಗಟು ಬಿಡಿಸಿ ಪಟ್ಟಕ್ಕೆ ಬಂದವನು, ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಲೆಕ್ಕ ಸರಿಯಿಟ್ಟುಕೊಂಡು ಬಂದ ಅಧ್ಯಕ್ಷನ ಹಾಗೆ ನಿಲ್ಲಬೇಕು. ಮೊದಲ ದೃಶ್ಯದಲ್ಲೇ ಮೋರೆ ಬಾಡಿಸಿದರೆ ಕೊನೆಗೆ ಬಾಡಿಸಲು ಏನೂ ಇರುವುದಿಲ್ಲ.

ಅಭ್ಯಾಸ ಎಲ್ಲಿ ಎನ್ನುವುದು ಬೇರೆಯದೇ ತಾಪತ್ರಯ. ಮನೆಯಲ್ಲಿ ‘ಹೆತ್ತವಳನ್ನೇ ವರಿಸಿದೆನೇ’ ಎಂದು ಗಟ್ಟಿಯಾಗಿ ಹೇಳುವ ಹಾಗಿಲ್ಲ, ಅಡುಗೆಮನೆಯಿಂದ ಆಯಿ ಸೌಟು ಹಿಡಿದೇ ಹೊರಗೆ ಬರುತ್ತಾಳೆ. ತೋಟ ವಾಸಿ, ಆದರೆ ಹೋಗುವ ಮೊದಲು ಒಂದು ಸಲ ತಲೆ ಎತ್ತಿ ನೋಡಬೇಕು. ಮಳೆ ಹೊಳವಾದ ಹೊತ್ತು ನೋಡಿ ಮದ್ದು ಹೊಡೆಯಲು ಮರ ಹತ್ತಿದ ಕೊನೆಗೌಡ ಮೇಲೆಯೇ ಇರುತ್ತಾನೆ. ಕೆಳಗೆ ‘ಅಪ್ಪನನ್ನು ಕೊಂದವನು ನಾನೇ’ ಎಂದದ್ದು ಕೇಳಿ, ಪೈಪು ಬಿಟ್ಟು ಮರ ತಬ್ಬಿಕೊಂಡು, ‘ಹೆಗಡೇರೇ, ಮನೇಲಿ ಎಂತಾರೂ ಆತಾ?’ ಎನ್ನುತ್ತಾನೆ. ಸಂಜೆಯೊಳಗೆ ಸುದ್ದಿ ಮೂರು ಕೇರಿ ದಾಟಿರುತ್ತದೆ. ಏನೇ ಆಗಲಿ, ಆ ಸಾಲುಗಳನ್ನು ಹತ್ತು ಸಲ ಗಟ್ಟಿಯಾಗಿ ಹೇಳಿಯೇ ಹೋಗಬೇಕು. ಮೊದಲ ಸಲ ಎಲ್ಲರಿಗೂ ನಗು ಬರುತ್ತದೆ, ಅದು ಮನೆಯಲ್ಲೇ ಬಂದು ಹೋಗಲಿ.

ಹೆಸರುಗಳ ಗೋಳು ಸಣ್ಣದಲ್ಲ. ನಮ್ಮ ನಾಲಿಗೆ ವ್ಯಂಜನದಲ್ಲಿ ನಿಲ್ಲಲು ಒಪ್ಪದೆ ಲಾಯಸ್ಸು, ಕ್ರಿಯಾನು ಎಂದು ಕೊಂಡಿ ಹಾಕುತ್ತದೆ. ‘ಅಂತಿಗೊನೆ’ ನಾಟಕವಾದರೆ ಸತ್ತ ಅಣ್ಣ ಪಾಲಿನೈಸಿಸ್, ಅದನ್ನು ಮೊದಲ ಸಲ ಕೇಳಿದವರಿಗೆ ಅಡಿಕೆಗೆ ಬಂದ ಹೊಸ ರೋಗ. ಸರಿಯಾದ ಗ್ರೀಕ್ ಉಚ್ಚಾರ ಯಾವುದೆಂದು ಅಲ್ಲಿ ವಾದಕ್ಕಿಳಿಯಬೇಡಿ. ಕೈಗೆ ಕೊಟ್ಟ ಪ್ರತಿಯಲ್ಲಿ ಹೇಗಿದೆಯೋ ಹಾಗೆ, ಎಲ್ಲ ಸಲವೂ ಒಂದೇ ಥರ.

ಆ ಪ್ರತಿಯೂ ಜೆರಾಕ್ಸಿನ ಜೆರಾಕ್ಸು, ಬಿಡಿ ಹಾಳೆ. ಕಾರವಾರದಲ್ಲಾದರೆ ಸೆಖೆಗೆ ಫ್ಯಾನು 5ರಲ್ಲಿ ತಿರುಗುತ್ತಿರುತ್ತದೆ, ಪುಟ 3 ಹಾರಿ ತೀರ್ಪುಗಾರರ ಚಹಾದಲ್ಲಿ ಬೀಳುತ್ತದೆ. ಒಂದು ರಟ್ಟು, ಎರಡು ಕ್ಲಿಪ್ಪು, ಒಂದು ಪೆನ್ಸಿಲ್ ಮನೆಯಿಂದಲೇ ಒಯ್ಯಿರಿ. ಪೆನ್ಸಿಲ್ಲಿನಿಂದ ಗುರುತು ಮಾಡಬೇಕಾದದ್ದು ಉಸಿರು ತೆಗೆದುಕೊಳ್ಳುವ ಜಾಗವನ್ನು ಮಾತ್ರ. ಕುರುಡ ಕಾಲಜ್ಞಾನಿ ಟೈರೀಸಿಯಸ್ ಓದುವವರಿಗೆ ಕೋಲು ಬೇಕಾಗುತ್ತದೆ, ಆದರೆ ಗುಂಡಿ ಒತ್ತಿದರೆ ಬಿಚ್ಚುವ ಛತ್ರಿ ಮಾತ್ರ ಬೇಡ. ‘ನೀನು ಹುಡುಕುವ ಕೊಲೆಗಾರ ನೀನೇ’ ಎಂದು ಕುಟ್ಟಿದಾಗ ಅದು ಬಿಚ್ಚಿಕೊಳ್ಳುತ್ತದೆ. ಕಣ್ಣನ್ನೂ ಮುಚ್ಚಬೇಡಿ. ಮುಚ್ಚಿದರೆ ಮುಖ ಸಾಯುತ್ತದೆ, ನೀವು ವೇದಿಕೆಯ ಅಂಚಿಗೆ ನಡೆಯುತ್ತೀರಿ. ಕಣ್ಣು ತೆರೆದೇ ಇರಲಿ, ಎದುರಿನವನ ಕಿವಿಯಾಚೆ ಒಂದು ಬಿಂದುವಿಗೆ ನೆಟ್ಟಿರಲಿ. ಯಾರಾದರೂ ಮಾತಾಡಿದರೆ ಮೊದಲು ತಿರುಗಬೇಕಾದದ್ದು ನಿಮ್ಮ ಕಿವಿ.

ಆಮೇಲೆ ಒಂದು ಸಾಲಿಗೆ ಒಂದು ಸಾಲಿನಂತೆ ಮಾತಿಗೆ ಮಾತು ಹೊಸೆಯುವ ಭಾಗ. ಗ್ರೀಕ್ ನಾಟಕದಲ್ಲಿ ಜಗಳ, ವಿಚಾರಣೆ ಹೆಚ್ಚಾಗಿ ಈ ಧಾಟಿಯಲ್ಲೇ ನಡೆಯುತ್ತವೆ. ಎದುರಿನವರ ಕೊನೆಯ ಅಕ್ಷರ ಬೀಳುವ ಮೊದಲೇ ನಿಮ್ಮ ಉಸಿರು ಸಿದ್ಧವಿರಬೇಕು. ಆದರೆ ನಿಮ್ಮೆದುರು ಓದಲು ಕೂರಿಸುವುದು ಸಮಿತಿಯ ಒಬ್ಬ ಹಿರಿಯರನ್ನು, ಅವರ ಬಾಯಲ್ಲಿ ಎಲೆಅಡಿಕೆಯ ಕವಳ. ‘ಯಾರು ನಿನಗೆ ಹೇಳಿದ್ದು?’ ಎಂಬ ಸಾಲು ‘ಉಂ ಉಂ ಉಂ?’ ಎಂದು ಬರುತ್ತದೆ. ಅವರು ಉಗುಳಿ ಬರಲೆಂದು ಕಾಯಬೇಡಿ. ಅವರ ಸಾಲು ನಿಮ್ಮ ಹಾಳೆಯಲ್ಲೂ ಉಂಟು, ಅದನ್ನು ಕಣ್ಣಲ್ಲೇ ಓದಿ ಉತ್ತರ ಕೊಡಿ.

ಈಡಿಪಸ್ಸನ ಹೆಂಡತಿ, ಹೆತ್ತವಳೂ ಆದ ಯೊಕಾಸ್ಟ ಆಗಬೇಕೆನ್ನುವವರಿಗೆ ಓದಲು ಕೊಡದೆ ಕೇಳಿಸಿಕೊಳ್ಳಲು ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಕೊರಿಂಥದ ದೂತನೂ ಗಂಡನೂ ಮಾತಾಡುತ್ತಿರುವಾಗಲೇ ಅವಳಿಗೆ ಎಲ್ಲ ತಿಳಿಯುತ್ತದೆ, ಅವನಿಗಿಂತ ಮೊದಲೇ. ಅಷ್ಟು ಹೊತ್ತೂ ಅವಳ ಬಾಯಲ್ಲಿ ಒಂದು ಮಾತಿಲ್ಲ. ಇಲ್ಲಿ ಸಾಲಿಗೊಮ್ಮೆ ಸೆರಗಿನಿಂದ ಕಣ್ಣೊರೆಸಿದವರಿಗೆ ಪಾತ್ರ ಸಿಗುವುದಿಲ್ಲ. ಕೈ ಒಂದು ಕಡೆ ನಿಲ್ಲಲಿ.

ನನ್ನನ್ನು ಕೇಳಿದರೆ ಇಡೀ ನಾಟಕದಲ್ಲಿ ಚಿನ್ನದಂಥ ಪಾತ್ರ ಎರಡನೆಯ ದೂತನದು. ನೇಣು, ರಕ್ತ, ಕಣ್ಣು ಚುಚ್ಚುವ ಸೆರಗಿನ ಪಿನ್ನು, ಎಲ್ಲ ನಡೆಯುವುದು ಅರಮನೆಯ ಒಳಗೆ. ಅದನ್ನು ಪ್ರೇಕ್ಷಕರಿಗೆ ಕಾಣಿಸುವವನು ಇವನೊಬ್ಬನೇ. ಕುಣಿತವಿಲ್ಲದೆ ಕೂತಲ್ಲೇ ಮಾತಿನಲ್ಲಿ ಪ್ರಸಂಗ ನಡೆಸುವ ತಾಳಮದ್ದಳೆಯ ಅರ್ಥಧಾರಿಗಳು ಇದನ್ನು ಎಲ್ಲರಿಗಿಂತ ಚೆನ್ನಾಗಿ ಓದುತ್ತಾರೆ, ಎಲ್ಲರಿಗಿಂತ ಚೆನ್ನಾಗಿ ಕೆಡಿಸುವವರೂ ಅವರೇ. 50 ಸಾಲಿದ್ದದ್ದಕ್ಕೆ ತಮ್ಮ ಕಡೆಯಿಂದ ಪೂರ್ವಪಕ್ಷ, ಸಿದ್ಧಾಂತ, ಎರಡು ಸುಭಾಷಿತ ಸೇರಿಸುತ್ತಾರೆ. ದೂತ ವಾದ ಮಾಡಲು ಬಂದವನಲ್ಲ, ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳಿ ನಿಲ್ಲಿಸುವವನು. ಬಾಗಿಲು ಮುರಿದದ್ದು ಮೊದಲು, ಹಗ್ಗ ಕಂಡದ್ದು ಆಮೇಲೆ.

ಉಳಿದವರೆಲ್ಲ ಮೇಳಕ್ಕೆ, ಎಂದರೆ ಒಟ್ಟಿಗೆ ಹಾಡಿ ಮಾತಾಡುವ ಗ್ರೀಕ್ ಕೋರಸ್ಸಿಗೆ. ಸೊಫೋಕ್ಲಿಸ್ 12 ಇದ್ದದ್ದನ್ನು 15 ಮಾಡಿದ ಎನ್ನುತ್ತಾರೆ, ಅವನಿಗೆ ಸಿಕ್ಕಿದರು. ಇಲ್ಲಿ 15 ಜನರನ್ನು ಒಟ್ಟಿಗೆ ಮಾತಾಡಿಸುವ ಕಷ್ಟ ಕನ್ನಡದ್ದೇ. ನಮ್ಮ ಸಾಲುಗಳು ಮುಗಿಯುವುದು ಹೆಚ್ಚಾಗಿ ಸ್ವರದಲ್ಲಿ. ‘ಅಯ್ಯೋ’ ಎಂದು ಒಟ್ಟಿಗೇ ಶುರುಮಾಡಿದವರು ಒಬ್ಬೊಬ್ಬರಾಗಿ ಮುಗಿಸುತ್ತಾರೆ, ಹಿಂದೆ ಯಾರೋ ಇನ್ನೂ ‘ಓ’ ಎಳೆಯುತ್ತಿರುತ್ತಾರೆ, ವಸ್ತಿ ಬಸ್ಸಿಗೆ ಕೈ ಮಾಡಿದವರ ಹಾಗೆ. ಬಾಲ ಕತ್ತರಿಸುವ ಉಪಾಯ ಸುಲಭ: ಮೂಗಿನಲ್ಲಿ ಒಟ್ಟಿಗೆ ಉಸಿರೆಳೆದುಕೊಂಡು ಶುರು, ತೊಡೆಯ ಮೇಲೆ ಒಂದು ಬೆರಳಿನ ಎಣಿಕೆಗೆ ಬಾಯಿ ಮುಚ್ಚು. ಆಡಿಷನ್ನಿನಲ್ಲಿ ಐದೈದು ಜನರನ್ನು ನಿಲ್ಲಿಸಿ ಇದನ್ನೇ ನೋಡುತ್ತಾರೆ. ಗಟ್ಟಿ ದನಿಯವನು ಸೋಲುತ್ತಾನೆ, ಪಕ್ಕದವನನ್ನು ಕೇಳಿಸಿಕೊಂಡವನು ಗೆಲ್ಲುತ್ತಾನೆ. ಹಾಡಿನ ಒಂದು ಪಾದಕ್ಕೆ ಬಲಕ್ಕೆ, ಮರುಪಾದಕ್ಕೆ ಎಡಕ್ಕೆ ನಡೆಯಿರಿ ಎಂದರೆ ಯಕ್ಷಗಾನದ ಕಾಲು ತಾನಾಗಿ ಏಕತಾಳಕ್ಕೆ ಕುಣಿಯುತ್ತದೆ. ಹಾಗೆ ಕುಣಿಯುವ ಇಬ್ಬರಿದ್ದರೆ ನಡುವೆ ಡಿಕ್ಕಿ ಖಂಡಿತ.

ಶೀಟಿನ ಮಾಡಿನ ಮೇಲೆ ಮಳೆ ಹೊಯ್ದರೆ ಕಿರುಚಬೇಡಿ, ಮಳೆಯೇ ಗೆಲ್ಲುತ್ತದೆ. ದನಿ ಒಂದು ಮೆಟ್ಟಿಲು ಇಳಿಸಿ, ಒತ್ತಕ್ಷರಗಳನ್ನು ಗಟ್ಟಿಯಾಗಿ ಕಚ್ಚಿ ನಿಧಾನ ಹೇಳಿ.

ಕೊನೆಗೆ ಒಂದು ಫಾರ್ಮು ಕೊಡುತ್ತಾರೆ. ‘ತಾಲೀಮಿಗೆ ಯಾವ ದಿನ ಸಿಗುತ್ತೀರಿ’ ಎಂಬಲ್ಲಿ ‘ಎಲ್ಲ ದಿನ’ ಎಂದು ಬರೆದವನೇ ಚೌತಿಗೆ ನಾಪತ್ತೆಯಾಗುವುದು. ಸಂಜೆ ಆರೂವರೆಯಿಂದ ಎಂಟೂವರೆ, ಆರು ವಾರ. ನಿಮ್ಮೂರಿನ ಕಡೆಯ ಬಸ್ಸು ಎಂಟಕ್ಕೆ ಎಂದಿದ್ದರೆ ಅದನ್ನೇ ಬರೆಯಿರಿ.

ಮೇಳದ ಪಟ್ಟಿಯಲ್ಲಿ ಹೆಸರು ಬಂದರೆ ಎಲ್ಲಿ ನಿಲ್ಲಿಸಿದ್ದಾರೆ ನೋಡಿಕೊಳ್ಳಿ. ಗ್ರೀಕರ 15 ಜನ ಐದೈದರ ಮೂರು ಸಾಲಾಗಿ ಬರುತ್ತಿದ್ದರು. ಪ್ರೇಕ್ಷಕರ ಕಡೆಗಿದ್ದ ಎಡಸಾಲಿನಲ್ಲಿ ಚೆನ್ನಾಗಿ ಮಾಡುವವರು, ಅದರ ನಟ್ಟನಡುವೆ ಮೇಳದ ಮುಖಂಡ. ಅಷ್ಟಕ್ಕಷ್ಟೇ ಎನ್ನುವವರನ್ನು ಕಾಣದ ಹಾಗೆ ನಡುಸಾಲಿಗೆ ಹಾಕುತ್ತಿದ್ದರು. ನಿಮಗೆ ನಡುಸಾಲು ಸಿಕ್ಕಿದ್ದರೆ, ನಿರ್ದೇಶಕರು ‘ನೀವು ಮಧ್ಯದಲ್ಲಿ ಇದ್ದರೇ ಮೇಳಕ್ಕೆ ಬಲ ಮಾರಾಯ್ರೇ’ ಎನ್ನುತ್ತಾರೆ. ಹೌದು ಎಂದು ಚಹಾ ಕುಡಿದು ಬನ್ನಿ.