ಕಾಡುದಾರಿಯ ಬೋರ್ಡು ಹೊತ್ತನ್ನೂ ಹೇಳಬೇಕು

ಅಮೆರಿಕದ ಕೊಲೊರಾಡೊ ರಾಜ್ಯದ ಬೆಟ್ಟದ ದಾರಿಗಳಲ್ಲಿ ಎಲ್ಲಿ ಹೋದರೂ ಆ ಹಳದಿ ಬೋರ್ಡು ಕಾಣುತ್ತದೆ. ಮೂಲೆ ಮೇಲಾಗಿ ನಿಂತ ಚೌಕ, ಅದರೊಳಗೆ ಜಿಗಿಯುತ್ತಿರುವ ಕಪ್ಪು ಜಿಂಕೆ. ಕರ್ನಾಟಕದಿಂದ ಬರುವ ನೆಂಟರು ಕಾರು ನಿಲ್ಲಿಸಿ ಅದರ ಫೋಟೊ ತೆಗೆಯುತ್ತಾರೆ. "ಇಲ್ಲಿ ಪ್ರಾಣಿಗಳ ಬಗ್ಗೆ ಎಷ್ಟು ಕಾಳಜಿ, ನಮ್ಮಲ್ಲಿ ಯಾರಿಗೆ ಬೇಕು ಇದೆಲ್ಲ" ಅನ್ನುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಇಷ್ಟು ವರ್ಷ ಈ ದಾರಿಗಳಲ್ಲಿ ಓಡಾಡಿದ ಮೇಲೆ ನನಗನಿಸಿರುವುದು ಬೇರೆಯೇ: ವರ್ಷವಿಡೀ ಒಂದೇ ಜಾಗದಲ್ಲಿ ನಿಂತಿರುವ ಬೋರ್ಡು ಜಿಂಕೆಯನ್ನು ಉಳಿಸುವುದಿಲ್ಲ. ಬಂಡೀಪುರದಲ್ಲಿ ನಾವು ಮಾಡಿರುವ ಕೆಲಸ ಅದಕ್ಕಿಂತ ಎಷ್ಟೋ ಮೇಲು.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಇದೇ ಕೊಲೊರಾಡೊದಲ್ಲಿ 1970ರ ದಶಕದಲ್ಲಿ ಸಂಶೋಧಕರು ದೀಪ ಹತ್ತಿ ಆರುವ, ಜಿಂಕೆ ಓಡುತ್ತಿರುವಂತೆ ಕಾಣುವ ಬೋರ್ಡು ಹಾಕಿ ಪರೀಕ್ಷೆ ಮಾಡಿದರು. ವಾಹನಗಳ ವೇಗ ಸರಾಸರಿ ಇಳಿದದ್ದು ಗಂಟೆಗೆ ಸುಮಾರು ಐದು ಕಿಲೋಮೀಟರ್ ಮಾತ್ರ, ಸಾಯುವ ಜಿಂಕೆಗಳ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆಮೇಲೆ ಅದೇ ಬೋರ್ಡಿನ ಪಕ್ಕ, ರಸ್ತೆಯ ಅಂಚಿನಲ್ಲಿ ಸತ್ತ ಜಿಂಕೆಗಳನ್ನು ಇಟ್ಟು ನೋಡಿದರು. ಆಗ ಜನ ನಿಜವಾಗಿಯೂ ವೇಗ ಇಳಿಸಿದರು. ಚಿತ್ರಕ್ಕೆ ಮಣಿಯದ ಕಾಲು ಹೆಣ ಕಂಡಾಗ ಬ್ರೇಕಿನ ಮೇಲೆ ಹೋಯಿತು. ಇದನ್ನು ಮೊದಲ ಸಲ ಓದಿದಾಗ ನನಗೆ ಬಹಳ ಸಂಕಟವಾಯಿತು, ಇವತ್ತಿಗೂ ಆಗುತ್ತದೆ.

ಚಾಲಕರು ಕಟುಕರು ಎಂದು ಇದರ ಅರ್ಥವಲ್ಲ. ನಡುಬೇಸಿಗೆಯ ಮಟಮಟ ಮಧ್ಯಾಹ್ನ ಅದೇ ಬೋರ್ಡನ್ನು ಹಾದುಹೋಗಿ, ಒಂದು ಪ್ರಾಣಿಯನ್ನೂ ಕಾಣದೆ ಮನೆ ಸೇರಿದವನು ಕ್ರಮೇಣ ಅದನ್ನು ನೋಡುವುದನ್ನೇ ಬಿಡುತ್ತಾನೆ. ಅಕ್ಟೋಬರ್, ನವೆಂಬರಿನ ಮುಸ್ಸಂಜೆಯಲ್ಲಿ, ಮ್ಯೂಲ್ ಡೀರ್ ಜಿಂಕೆಗಳೂ ಎಲ್ಕ್ ಎಂಬ ದೊಡ್ಡ ಜಿಂಕೆಗಳೂ ಹಿಮ ಬೀಳುವ ಎತ್ತರದಿಂದ ಕಣಿವೆಗೆ ಇಳಿಯುವ ಹೊತ್ತಿಗೆ ಸರಿಯಾಗಿ, ಬೋರ್ಡು ಅವನ ಕಣ್ಣಿಗೇ ಬೀಳುವುದಿಲ್ಲ. ಇನ್ನು ಕತ್ತಲಾದ ಮೇಲಿನ ಲೆಕ್ಕ ನೋಡಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಪ್ರಾಣಿಯನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ 30 ಮೀಟರ್ ಕಳೆದಿರುತ್ತದೆ, ಕಾರು ಪೂರ್ತಿ ನಿಲ್ಲಲು ಇನ್ನೂ ಅಷ್ಟೇ ದೂರ ಬೇಕು. ತಗ್ಗಿಸಿದ ಹೆಡ್‌ಲೈಟಿನ ಬೆಳಕು ಚೆನ್ನಾಗಿ ತಲುಪುವುದು ಹೆಚ್ಚುಕಡಿಮೆ ಈ ಎರಡೂ ಸೇರಿದಷ್ಟು ದೂರ. ಎಷ್ಟೇ ಎಚ್ಚರವಿದ್ದರೂ ತಡವಾಗಿಯೇ ಆಗುತ್ತದೆ.

ಯೂಟಾ, ನೆವಾಡಾ, ಐಡಾಹೊ ರಾಜ್ಯಗಳಲ್ಲಿ ಒಂದು ಒಳ್ಳೆಯ ಪ್ರಯೋಗ ನಡೆದಿತ್ತು. ಜಿಂಕೆಗಳು ವಲಸೆ ಹೋಗುವ ಕೆಲವು ವಾರ ಮಾತ್ರ, ಅವು ದಾಟುವ ಜಾಗದಲ್ಲೇ ಮಿನುಗುವ ದೀಪದ ತಾತ್ಕಾಲಿಕ ಬೋರ್ಡು ಹಾಕಿದರು, ವಲಸೆ ಮುಗಿದ ಮೇಲೆ ತೆಗೆದರು. ಡಿಕ್ಕಿಗಳು ಹತ್ತಿರಹತ್ತಿರ ಅರ್ಧಕ್ಕೆ ಇಳಿದವು. ಇದ್ದಕ್ಕಿದ್ದಂತೆ ಎದುರಾದ ಬೋರ್ಡನ್ನು ಜನ ನಂಬಿದರು.

ನಮ್ಮ ಸಕಲೇಶಪುರ, ಆಲೂರು ಕಡೆ ಕಾಡಾನೆ ಹತ್ತಿರವಿದ್ದಾಗ ಮೊಬೈಲಿಗೆ ಸಂದೇಶ ಬರುವ, ರಸ್ತೆ ಬದಿಯ ದೀಪ ಉರಿಯುವ ವ್ಯವಸ್ಥೆ ಇದೇ ವಿವೇಕದ್ದು. ಆನೆ ಇದ್ದಾಗ ಉರಿಯಬೇಕು, ಇಲ್ಲದಾಗ ಆರಿರಬೇಕು. ತಮಿಳುನಾಡಿನ ವಾಲ್ಪಾರೈಯಲ್ಲಿ ಅದಕ್ಕೂ ಮೊದಲೇ ಇಂಥದ್ದು ಬಂದಿತ್ತು. ಅಮೆರಿಕದ ಹಳದಿ ಬೋರ್ಡಿನ ಫೋಟೊ ತೆಗೆಯುವವರು ಈ ಕೆಂಪು ದೀಪದ ಫೋಟೊವನ್ನೂ ತೆಗೆದು ನಾಲ್ಕು ಜನಕ್ಕೆ ತೋರಿಸಲಿ ಎಂಬುದು ನನ್ನ ಆಸೆ.

ಬಂಡೀಪುರ ಇದಕ್ಕಿಂತಲೂ ಮುಂದೆ ಹೋಗಿದೆ. ಗುಂಡ್ಲುಪೇಟೆಯಿಂದ ವಯನಾಡಿಗೂ ಊಟಿಗೂ ಹೋಗುವ ರಸ್ತೆಗಳನ್ನು 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಮುಚ್ಚುತ್ತಾರೆ, ಹೈಕೋರ್ಟ್ 2010ರಲ್ಲಿ ಅದನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೂ ಬೆರಳೆಣಿಕೆಯ ಬಸ್ಸುಗಳಿಗೂ ಬಿಡುವಿದೆ. ಅಮೆರಿಕದಲ್ಲಿ ಕಾಡುಪ್ರಾಣಿಗಾಗಿ ಪ್ರತಿ ರಾತ್ರಿ ಹೆದ್ದಾರಿ ಮುಚ್ಚೋಣ ಎಂದು ಹೇಳಿದರೆ ಜನ ಬೆರಗಾಗುತ್ತಾರೆ. ಇಲ್ಲಿ ರಸ್ತೆ ಸದಾ ತೆರೆದಿರಲೇಬೇಕು, ಪ್ರಾಣಿಯೇ ಬೇರೆ ದಾರಿ ಹಿಡಿಯಬೇಕು. ಅದಕ್ಕೆ ಹಣ ಸುರಿಯುತ್ತಾರೆ, ನಿಜ. ಕೊಲೊರಾಡೊದ ಹೆದ್ದಾರಿ 9ರಲ್ಲಿ ಎರಡು ಮೇಲುಸೇತುವೆ, ಐದು ಕೆಳದಾರಿ, ಉದ್ದಕ್ಕೂ ಎಂಟಡಿ ಬೇಲಿ ಹಾಕಿದ ಮೇಲೆ ಅಲ್ಲಿನ ಡಿಕ್ಕಿಗಳು ಶೇ. 90ರಷ್ಟು ತಗ್ಗಿವೆ. ಕೆನಡಾದ ಬ್ಯಾನ್ಫ್‌ನಲ್ಲೂ ಇಂಥದ್ದೇ ಯಶಸ್ಸು. ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಈ ಸೇತುವೆಗಳನ್ನೇ ತೋರಿಸಿ "ಬಂಡೀಪುರದಲ್ಲೂ ಇಂಥದ್ದು ಕಟ್ಟಿ, ರಾತ್ರಿ ರಸ್ತೆ ತೆರೆಯಿರಿ" ಎನ್ನುವವರಿದ್ದಾರೆ. 2018ರಲ್ಲಿ ಕೇಂದ್ರದಿಂದಲೇ ಅಂಥ ಪ್ರಸ್ತಾವ ಬಂದಿತ್ತು: ಐದು ಕಡೆ ಒಂದೊಂದು ಕಿಲೋಮೀಟರ್ ಎತ್ತರಿಸಿದ ರಸ್ತೆ, ಮಿಕ್ಕ ಕಡೆ ಬೇಲಿ. ಸುತ್ತು ಹಾಕಿ ಹೋಗಬೇಕಾದ ವಯನಾಡಿನವರ ಕಷ್ಟ ಸಣ್ಣದಲ್ಲ, ಅದು ನನಗೆ ಅರ್ಥವಾಗುತ್ತದೆ. ಆದರೂ ನಾನು ಈ ಪ್ರಸ್ತಾವಕ್ಕೆ ವಿರೋಧಿ. ಎಲ್ಕ್ ಹಿಂಡಿನ ಋತುಮಾನದ ವಲಸೆಗೆ ಗೊತ್ತಾದ ದಾರಿಗಳಿವೆ, ಅಲ್ಲಿ ಸೇತುವೆ ಕಟ್ಟಿದರೆ ಅವು ಬಳಸುತ್ತವೆ. ಬಂಡೀಪುರದಲ್ಲಿ ರಸ್ತೆಯ ಎರಡೂ ಬದಿ ಪ್ರಾಣಿಗಳ ಮನೆಯೇ. ಆನೆ, ಕಾಟಿ, ಕಡವೆಯಿಂದ ಹಿಡಿದು ಪುನುಗು ಬೆಕ್ಕು, ಹಾವು, ಕಪ್ಪೆಯವರೆಗೆ ಎಲ್ಲವೂ ಎಲ್ಲೆಂದರಲ್ಲಿ ದಾಟುತ್ತವೆ. ಬೇಲಿ ಹಾಕಿದರೆ ಕಾಡು ಎರಡು ತುಂಡು. ಕಟ್ಟುವ ವರ್ಷಗಳ ಗದ್ದಲ, ಕಾಂಕ್ರೀಟು, ಲಾರಿಗಳು ಬೇರೆ. ಇಷ್ಟೆಲ್ಲ ಮಾಡಿ ಪಡೆಯುವುದನ್ನು ರಾತ್ರಿ ಒಂದು ಗೇಟು ಹಾಕಿ ಈಗಾಗಲೇ ಪಡೆದಿದ್ದೇವೆ.

ನನ್ನ ತಕರಾರು ನಮ್ಮ ಮಿಕ್ಕ ಕಾಡುದಾರಿಗಳ ಬಗ್ಗೆ. ಘಟ್ಟದ ರಸ್ತೆಗಳಲ್ಲಿ "ವನ್ಯಪ್ರಾಣಿಗಳಿವೆ, ನಿಧಾನವಾಗಿ ಚಲಿಸಿ" ಎಂದು ಬರೆದು ನಿಲ್ಲಿಸಿಬಿಟ್ಟರೆ ಅದೂ ಕೊಲೊರಾಡೊದ ಹಳದಿ ಬೋರ್ಡಿನ ಹಾಗೆಯೇ ಯಾರ ಕಣ್ಣಿಗೂ ಬೀಳದಂತಾಗುತ್ತದೆ. ಬ್ರಿಟನ್ನಿನಲ್ಲಿ ನೆಲಗಪ್ಪೆಗೂ ಒಂದು ಎಚ್ಚರಿಕೆಯ ಬೋರ್ಡಿದೆ, ಅವು ದಾಟುವ ದಿನಗಳಲ್ಲಿ ಸ್ವಯಂಸೇವಕರು ರಾತ್ರಿ ಬಕೆಟ್ ಹಿಡಿದು ರಸ್ತೆ ದಾಟಿಸುತ್ತಾರೆ. ಆಗುಂಬೆ, ಚಾರ್ಮಾಡಿಯಲ್ಲಿ ಮೊದಲ ಮಳೆಗೆ ಕಪ್ಪೆಗಳು ರಸ್ತೆಗೆ ಬರುವ ವಾರಗಳಿಗೆಂದೇ ಮಡಚುವ ಬೋರ್ಡು ಹಾಕಲಿ, ಅದರಲ್ಲಿ ಕಪ್ಪೆಯ ಚಿತ್ರವಿರಲಿ, ಸಂಜೆ ಆರರ ನಂತರ ವೇಗ ಎಷ್ಟೆಂದು ದಪ್ಪ ಅಕ್ಷರದಲ್ಲಿ ಬರೆದಿರಲಿ. ಮಳೆ ಹಿಡಿದು ಕಪ್ಪೆಗಳ ಓಡಾಟ ತಗ್ಗಿದ ಮೇಲೆ ಇಲಾಖೆಯವರು ತಪ್ಪದೆ ಅದನ್ನು ತೆಗೆದು ಒಳಗಿಡಲಿ.