ನಕ್ಷತ್ರ ಚಿಹ್ನೆ ಎಲ್ಲಿ ಹೋಯಿತು?

ಕನ್ನಡ, ತಮಿಳು, ತೆಲುಗುಗಳಿಗೆಲ್ಲ ತಾಯಿಯಾದ ಮೂಲ ದ್ರಾವಿಡ ಭಾಷೆಯ ಬಗ್ಗೆ ಬಂದ ಲೇಖನವೊಂದನ್ನು ಓದಿ ಇದನ್ನು ಬರೆಯುತ್ತಿದ್ದೇನೆ. ಅದರ ಲೇಖಕರು ಆ ಭಾಷೆಯ ಪದಗಳನ್ನು ಯಾರೋ ಕಿವಿಯಾರೆ ಕೇಳಿ ಬರೆದುಕೊಂಡಂತೆ ಪಟ್ಟಿ ಮಾಡಿದ್ದಾರೆ. ಇದಕ್ಕೆ ನನ್ನ ತಕರಾರಿದೆ. ಭಾಷಾವಿಜ್ಞಾನಿಗಳು ಇಂಥ ಪದದ ಮೊದಲಿಗೆ ಒಂದು ನಕ್ಷತ್ರ ಚಿಹ್ನೆ (*) ಹಾಕುತ್ತಾರೆ. ಬರಹದಲ್ಲಿ ಎಲ್ಲೂ ಸಿಕ್ಕಿಲ್ಲ, ಹೋಲಿಸಿ ಊಹಿಸಿದ್ದು ಎಂದು ಅದರರ್ಥ. ಈ ಲೇಖನದಲ್ಲಿ ಆ ಚಿಹ್ನೆಯೇ ಮಾಯವಾಗಿದೆ.

ಒಂದು ಧ್ವನಿ ಇನ್ನೊಂದಾಗಿ ಕ್ರಮಬದ್ಧವಾಗಿ ಬದಲಾಗುತ್ತದೆ ಎಂಬ ಧ್ವನಿ ನಿಯಮಗಳನ್ನು ನಾನು ಅಲ್ಲಗಳೆಯುತ್ತಿಲ್ಲ. ನಮ್ಮ ಕಿವಿ ತೆಲುಗಿನಲ್ಲಿ ಚೆವಿ. ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ಈ ಪಕಾರ ಹಕಾರವಾದದ್ದನ್ನು ನಮ್ಮ ಶಾಸನಗಳಲ್ಲೇ ಕಣ್ಣಾರೆ ನೋಡಬಹುದು. ಆದರೆ ಬರಹ ಸಿಗುವ ಕಾಲಕ್ಕಿಂತ ಹಿಂದಕ್ಕೆ ಹೋದಷ್ಟೂ ಕತ್ತಲೆಯಲ್ಲಿ ತಡಕಾಟ.

ಇದಕ್ಕೊಂದು ಉದಾಹರಣೆ: ಜರ್ಮನಿಯ ಭಾಷಾವಿಜ್ಞಾನಿ ಆಗಸ್ಟ್ ಶ್ಲೈಖರ್ 1868ರಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆಲ್ಲ ಮೂಲವೆಂದು ಊಹಿಸಿದ ಮೂಲ ಇಂಡೋ-ಯುರೋಪಿಯನ್ನಿನಲ್ಲಿ ಕುರಿ-ಕುದುರೆಗಳ ಪುಟ್ಟ ಕಥೆಯನ್ನೇ ಬರೆದರು. ಆಗ ಸಂಸ್ಕೃತದ ಸ್ವರಗಳೇ ಹಳೆಯವೆಂಬ ನಂಬಿಕೆ ಇತ್ತು, ಹಾಗಾಗಿ ಅವರ ಕುರಿ ‘ಅವಿಸ್’. ಇನ್ನೊಬ್ಬ ಜರ್ಮನ್ ಭಾಷಾವಿಜ್ಞಾನಿ ಹರ್ಮನ್ ಹಿರ್ಟ್ ತಿದ್ದಿ ಬರೆದ ಅದೇ ಕಥೆ 1939ರಲ್ಲಿ ಪ್ರಕಟವಾದಾಗ ಕುರಿ ‘ಒವಿಸ್’ ಆಯಿತು. ಆಮೇಲಿನವರು ಅದರ ಮುಂದೆ ಗಂಟಲಿನ ಧ್ವನಿಯೊಂದನ್ನೂ ಸೇರಿಸಿದರು. ವಿದ್ವಾಂಸರ ಕೈಯಲ್ಲೇ ಇಷ್ಟು ಬದಲಾದ ಪದವನ್ನು ಪೂರ್ವಜರ ಬಾಯಿಮಾತು ಎಂದು ಮಕ್ಕಳಿಗೆ ಹೇಳಿಕೊಡಲು ನನಗಂತೂ ಮನಸ್ಸು ಬರುವುದಿಲ್ಲ.

ದಯವಿಟ್ಟು ಪಟ್ಟಿಗೆ ಆ ಚಿಹ್ನೆಗಳನ್ನು ಸೇರಿಸಿ. ಯಾವ ಯಾವ ಭಾಷೆಗಳ ಪದಗಳನ್ನು ಹೋಲಿಸಿ ಆ ರೂಪಕ್ಕೆ ಬಂದರು ಎಂಬುದನ್ನೂ ಪಕ್ಕದಲ್ಲಿ ಕೊಡಿ.